ಬಣ್ಣ ಗಟ್ಟಿ, ಬ್ರೇಕು ಸಡಿಲ

ಗದಗ-ಬೆಟಗೇರಿಯಲ್ಲಿ ಸೈಕಲ್ ಕೊಳ್ಳಲು ಬಂದವರು ಬ್ರೇಕ್ ಹಿಡಿದು ನೋಡುವುದು ಕಡಿಮೆ. ಬೇರಿಂಗ್ ಎಂಥದು, ಫ್ರೇಮಿನ ಬೆಸುಗೆ ಹೇಗಿದೆ, ರಿಮ್ಮು ನೆಟ್ಟಗೆ ತಿರುಗುತ್ತದೋ ಇಲ್ಲವೋ ಎಂದು ಬಗ್ಗಿ ನೋಡುವವರು ಇನ್ನೂ ಕಡಿಮೆ. ಎಲ್ಲರೂ ಕೇಳುವುದು ಒಂದೇ ಮಾತು: ‘ಇದರಾಗ ಬ್ಯಾರೇ ಕಲರ್ ಐತೇನ್ರೀ?’ ದೇಶದ ಗ್ರಾಹಕ ಸಂರಕ್ಷಣಾ ಕಾಯ್ದೆ ಎಷ್ಟೇ ದಪ್ಪ ಇರಲಿ, ನಮ್ಮ ಕಡೆ ಅದು ಈ ಒಂದು ವಾಕ್ಯಕ್ಕೆ ಇಳಿದಿದೆ.

ಸೈಕಲ್ ಖರೀದಿಗೆ ಒಬ್ಬರೇ ಬರುವ ರೂಢಿಯೂ ಇಲ್ಲ. ಓಡಿಸುವವನು ಒಬ್ಬ, ಬಣ್ಣ ಆರಿಸುವವರು ಐದು ಮಂದಿ. ಅಪ್ಪ, ಅವ್ವ, ಸೋದರಮಾವ, ಬಾಜೂಮನಿ ಕಾಕಾ, ಜೊತೆಗೆ ‘ನಾ ಒಮ್ಮೆ ಸೈಕಲ್ ಅಂಗಡ್ಯಾಗ ಕೆಲಸಾ ಮಾಡೇನಿ’ ಎನ್ನುವ ಒಬ್ಬ ತಜ್ಞ. ಎಂಟನೇ ಇಯತ್ತೆಯ ಹುಡುಗನಿಗೆ ಸಭೆಯಲ್ಲಿ ಹಾಜರಿರಲು ಅವಕಾಶವುಂಟು, ಮತದಾನದ ಹಕ್ಕಿಲ್ಲ.

‘ಕರೇದು ತಗೋಳೂಣು. ಹೊಲಸು ಕಾಣಂಗಿಲ್ಲ’ ಎಂದು ಅಪ್ಪ ಸಭೆಯನ್ನು ಉದ್ಘಾಟಿಸುತ್ತಾನೆ.

‘ಹೊಸಾ ಸಾಮಾನು ಮನಿಗೆ ಬರೂ ಮುಂದ ಕರೇದ್ಯಾಕ್ರೀ? ಬ್ಯಾಡ’ ಎಂದು ಅವ್ವ ವಿಟೋ ಚಲಾಯಿಸುತ್ತಾಳೆ.

‘ಕೆಂಪುದು ಚಂದ ಐತಿ’ ಎಂದರೆ ಮಾವ ತಲೆ ಅಲ್ಲಾಡಿಸುತ್ತಾನೆ: ‘ಯಕ್ಕಾ, ಕೆಂಪು ಎರಡು ಬ್ಯಾಸಗಿ ತಡಿಯಂಗಿಲ್ಲ. ಉಳ್ಳಾಗಡ್ಡಿ ಸಿಪ್ಪಿ ಬಣ್ಣಕ್ಕ ಬರ್ತೈತಿ.’

‘ಹಸರು?’ ಎಂದಾಗ ಎಲ್ಲರೂ ಒಮ್ಮೆ ಆಚೀಚೆ ನೋಡುತ್ತಾರೆ. ‘ಕೇಸರಿ?’ ಎಂದಾಗ ಮತ್ತೊಮ್ಮೆ ಅದೇ ಆಚೀಚೆ ನೋಡುತ್ತಾರೆ. ‘ಹಂಗಾದ್ರ ನೀಲಿ’ ಎಂದು ತಜ್ಞ ಸಂಧಾನಕ್ಕೆ ಇಳಿದರೆ, ‘ಅದಕ್ಕೂ ಈಗ ಒಂದ್ ಪಾರ್ಟಿ ಐತಿ ಮಾರಾಯಾ’ ಎಂದು ಕಾಕಾ ನೆನಪಿಸುತ್ತಾನೆ.

ಕೊನೆಗೆ ಹುಡುಗನೇ ಗಂಟಲು ಸರಿಮಾಡಿಕೊಂಡು ‘ನನಗ ಮ್ಯಾಟ್ ಬ್ಲ್ಯಾಕ್ ಬೇಕು’ ಅನ್ನುತ್ತಾನೆ. ಕರೇದೇ ಬಂತಲ್ಲ ಎಂದು ಅಪ್ಪನಿಗೆ ಸಮಾಧಾನ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಅದು ಕರೇದಲ್ಲ ಎಂದು ಅವ್ವನಿಗೆ ಸಮಾಧಾನ. ಸಭೆ ಸರ್ವಾನುಮತಕ್ಕೆ ಬಂದ ಆ ಗಳಿಗೆಗೆ ಸರಿಯಾಗಿ ಅಂಗಡಿಯ ಸಾವಕಾರ ಬಾಯಿ ತೆಗೆಯುತ್ತಾನೆ: ‘ಅದು ಸ್ಟಾಕ್ ಇಲ್ಲರೀ. ಈ ನೀಲಿ-ಕೆಂಪಿಂದು ಒಂದ ಉಳದೈತಿ. ಭಾಳ ಓಡೂ ಮಾಲು.’ ಭಾಳ ಓಡುವ ಮಾಲು ಅನ್ನುವುದು ಸುಳ್ಳಲ್ಲ. ಮೂರು ಮಳೆಗಾಲದಿಂದ ಅದು ಅದೇ ಮೂಲೆಯಲ್ಲಿ ನಿಂತು ಓಡುತ್ತಿದೆ. ಸಂಜೆಗೆ ಅದೇ ಸೈಕಲ್ಲಿಗೆ ಹಾರ ಬೀಳುತ್ತದೆ, ಲಿಂಬೆಹಣ್ಣು ಗಾಲಿಯಡಿ ಸಿಡಿಯುತ್ತದೆ, ಮತ್ತು ‘ನಮ್ಮ ಹುಡಗನ ಆರಿಸ್ಯಾನ್ರೀ’ ಎಂದು ಓಣಿಗೆಲ್ಲ ಸುದ್ದಿಯಾಗುತ್ತದೆ.

ಇಷ್ಟು ದೊಡ್ಡ ಸಭೆಯ ಕಾರ್ಯಸೂಚಿಯಲ್ಲಿ ಬಾರದೆ ಉಳಿದ ವಿಷಯಗಳಿವೆ. ಶಾಲೆ ಎಷ್ಟು ದೂರ, ದಾರಿ ಡಾಂಬರೋ ಖಡಿಯೋ, ಎದುರಿಗೆ ಉಸುಕಿನ ಟಿಪ್ಪರ್ ಬಂದರೆ ಹುಡುಗ ಯಾವ ತೆಗ್ಗಿಗೆ ಇಳಿಯಬೇಕು, ಸಂಜೆ ಟ್ಯೂಷನ್ ಮುಗಿಸಿ ಬರುವಾಗ ಹಿಂದಿನವರಿಗೆ ಅವನು ಕಾಣುತ್ತಾನೋ ಇಲ್ಲವೋ. ಇವನ್ನು ಯಾರೂ ಎತ್ತುವುದಿಲ್ಲ. ಬಣ್ಣಕ್ಕೆ ಅಭಿಪ್ರಾಯ ಸಾಕು, ಬ್ರೇಕಿಗೆ ತಿಳಿವಳಿಕೆ ಬೇಕು. ಯಾವುದು ಪುಕ್ಕಟೆ ಸಿಗುತ್ತದೋ ಅದನ್ನು ಜನ ಧಾರಾಳವಾಗಿ ಖರ್ಚು ಮಾಡುತ್ತಾರೆ.

ನಮ್ಮ ಹಿರಿಯರಿಗೆ ಈ ತಾಪತ್ರಯ ಇರಲಿಲ್ಲ. 1949ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಿಐ ಸೈಕಲ್ಸ್‌ನ ಹರ್ಕ್ಯುಲಿಸ್ ಇರಲಿ, 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಇರಲಿ, 1956ರಲ್ಲಿ ಲೂಧಿಯಾನದಲ್ಲಿ ಹುಟ್ಟಿದ ಹೀರೋ ಇರಲಿ, ಮನೆಗೆ ಬರುತ್ತಿದ್ದುದು ಬಹುಪಾಲು ಕರಿ ಸೈಕಲ್ಲೇ. ಎಲ್ಲೋ ಒಂದು ಕಡುಹಸಿರಿನದು ಕಂಡರೆ ಅದು ಮಾಸ್ತರರದ್ದು, ಇಲ್ಲವೇ ಪೋಸ್ಟ್ ಮಾಸ್ತರರದ್ದು. ಆ ಕರಿ ಬಣ್ಣ ಯಾರ ಅಭಿರುಚಿಯೂ ಆಗಿರಲಿಲ್ಲ. ಎನಾಮೆಲ್ಲಿನಲ್ಲಿ ಫ್ರೇಮು ಅದ್ದಿ, ಭಟ್ಟಿಯಲ್ಲಿಟ್ಟು ಬೇಯಿಸುವ ಕಾಲ ಅದು. ಬಣ್ಣಗಳಲ್ಲೆಲ್ಲ ಅಗ್ಗದ್ದು ಕಾಡಿಗೆ. ಇಂಗಾಲದ ಆ ಮಸಿ ಬಿಸಿಲನ್ನು ತಾನೇ ನುಂಗಿಕೊಂಡು ಕೆಳಗಿನ ಪದರವನ್ನು ಕಾಯುತ್ತದೆ. ಹೀಗಾಗಿ ಕಂಪನಿಗೂ ಉಳಿತಾಯ, ಸೈಕಲ್ಲಿಗೂ ಆಯುಷ್ಯ. ಗಿರಾಕಿ ಮಾತ್ರ ‘ಕರೇದರಾಗ ಒಂದು ಗತ್ತು ಐತಿ’ ಎಂದು ಕಂಪನಿಯ ಲೆಕ್ಕಾಚಾರವನ್ನು ತನ್ನ ರಸಿಕತೆಯ ಖಾತೆಗೆ ಜಮಾ ಮಾಡಿಕೊಂಡ. ಚಂದ್ರಕಾಳಿ ಸೀರೆಗೆ ಮರುಳಾಗುವ ಸೀಮೆಯಲ್ಲಿ ಕರಿ ಸೈಕಲ್ಲಿಗೆ ಇಷ್ಟು ಗೌರವ ಸಂದದ್ದು ಹೆಚ್ಚಿನದೇನಲ್ಲ.

ಬಣ್ಣದಲ್ಲಿ ಆಯ್ಕೆ ಇಲ್ಲದಿದ್ದರೇನಾಯಿತು, ಶೃಂಗಾರಕ್ಕೆ ತಡೆಯಿರಲಿಲ್ಲ. ಗಾಲಿಯ ಹಬ್ಬಿಗೆ ಬಣ್ಣಬಣ್ಣದ ಕುಚ್ಚು, ಸ್ಪೋಕಿಗೆ ಮಣಿ, ಹ್ಯಾಂಡಲ್ ತುದಿಗೆ ಪ್ಲಾಸ್ಟಿಕ್ ಜುಟ್ಟು, ಸೀಟಿಗೆ ಜಾಲರಿಯಿದ್ದ ಮಖಮಲ್ ಕವರು, ಹಿಂದಿನ ಮಡಗಾರ್ಡಿಗೆ ರಬ್ಬರಿನ ಫ್ಲ್ಯಾಪು, ಅದರ ಮೇಲೆ ಪೇಂಟರ್ ಬರೆದ ಮನೆದೇವರ ಹೆಸರು. ಇಷ್ಟೆಲ್ಲ ಆದ ಮೇಲೆ ಫ್ರೇಮಿಗೆ ಉದ್ದಕ್ಕೂ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಯಾಕೆಂದರೆ ಬಣ್ಣಕ್ಕೆ ಗೀರು ಬೀಳಬಾರದು! ಗೀರು ಬೀಳಲಿಲ್ಲ, ನಿಜ. ಬಣ್ಣವೂ ಕಾಣಲಿಲ್ಲ. ಹತ್ತು-ಹನ್ನೆರಡು ವರ್ಷ ಸವಾರಿ ಮಾಡಿ, ಕೊನೆಗೆ ಗುಜರಿಯವನು ಆ ಪಟ್ಟಿ ಬಿಚ್ಚಿದಾಗ ಒಳಗಿನ ಎನಾಮೆಲ್ ಷೋರೂಮಿನಿಂದ ಬಂದಂತೆ ಥಳಥಳ ಹೊಳೆಯುತ್ತಿತ್ತು. ಹೊಳಪನ್ನು ಜೀವಮಾನವಿಡೀ ಕಾಪಾಡಿ ಗುಜರಿಯವನ ಕಣ್ಣಿಗೆ ಅರ್ಪಿಸಿದ ಪೀಳಿಗೆ ಅದು. ಒಳ್ಳೆಯ ಸೀರೆಯನ್ನು ಟ್ರಂಕಿನಲ್ಲೂ ಒಳ್ಳೆಯ ಕಪ್ಪು-ಬಸಿಯನ್ನು ಶೋಕೇಸಿನಲ್ಲೂ ಇಟ್ಟು ಸತ್ತವರ ಮನೆಯಲ್ಲಿ ಸೈಕಲ್ಲಿಗೆ ಮಾತ್ರ ಬೇರೆ ನ್ಯಾಯ ಹೇಗೆ ಸಿಕ್ಕೀತು?

ಬಣ್ಣವನ್ನು ಆ ಕಾಲದಲ್ಲಿ ಕೆಲಸಕ್ಕೆ ಹಚ್ಚಿದವರು ಒಬ್ಬರೇ, ತಾಸಿನ ಲೆಕ್ಕದಲ್ಲಿ ಬಾಡಿಗಿ ಸೈಕಲ್ ಕೊಡುತ್ತಿದ್ದವರು. ಮಡಗಾರ್ಡಿಗೆ ಬಿಳಿ, ಚೈನ್ ಕವರಿಗೆ ಕಣ್ಣು ಕುಕ್ಕುವ ಹಳದಿ, ಹಿಂದೆ ದಪ್ಪ ಅಕ್ಷರದಲ್ಲಿ ನಂಬರು. ‘ಅರ್ಧಾ ತಾಸಿಗೆ’ ಎಂದು ಒಯ್ದ ಸೈಕಲ್ಲು ಮುಂಡರಗಿ ಸಂತೆಯಲ್ಲಿ ಕಂಡರೂ ಗುರುತು ಸಿಗಬೇಕು. ಅಲ್ಲಿ ಬಣ್ಣವೆಂದರೆ ಅಭಿರುಚಿಯಲ್ಲ, ಅಪನಂಬಿಕೆ. ಮನುಷ್ಯರ ಬಗ್ಗೆ ಅಷ್ಟು ಖಚಿತವಾದ ತಿಳಿವಳಿಕೆಯಿಂದ ಬಣ್ಣ ಆರಿಸಿದವರು ಆಮೇಲೆ ಯಾರೂ ಬರಲಿಲ್ಲ.

ಈಗ ಕ್ಯಾಟಲಾಗುಗಳ ಕಾಲ. ಒಂದೇ ಜಿಲ್ಲೆಯ ನಾಲ್ಕು ಊರಿಗೆ ನಾಲ್ಕು ಬಗೆಯ ಬಣ್ಣದ ತತ್ತ್ವ.

ಬೆಟಗೇರಿ ನೇಕಾರರ ಊರು. ಬಣ್ಣ ಅಂದರೆ ಅಲ್ಲಿ ಹೊಟ್ಟೆಪಾಡು. ದಾರ ಅದ್ದಿ, ಹಿಂಡಿ, ಒಣಗಿಸಿದವರ ಕೈಗೆ ಸೈಕಲ್ ಕೊಟ್ಟರೆ ಮೊದಲು ಹೆಬ್ಬೆರಳಿಗೆ ಉಗುಳು ಹಚ್ಚಿ ಫ್ರೇಮಿನ ಮೇಲೆ ತಿಕ್ಕುತ್ತಾರೆ. ‘ಬಣ್ಣ ಬಿಡಂಗಿಲ್ಲ ಹೌದಲ್ರೀ?’ ಅಂಗಡಿಯವನಿಗೆ ಅವಮಾನ. ‘ಕಾಕಾ, ಇದು ಸೀರಿ ಅಲ್ಲರೀ, ಪೌಡರ್ ಕೋಟಿಂಗ್.’ ಇರಲಿ. ಒಣ ಪುಡಿಗೆ ವಿದ್ಯುತ್ತಿನ ಆವೇಶ ಕೊಟ್ಟು ಫ್ರೇಮಿಗೆ ಎರಚಿ, ಸುಮಾರು 180-200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕೂಡಿಸುವ ಪದ್ಧತಿ ಅದು, ಒಳ್ಳೆಯದೇ. ಆದರೆ ನೇಕಾರ ಕೇಳಿದ ಪ್ರಶ್ನೆ ಇನ್ನೂ ಒಳ್ಳೆಯದು. ಒಳಗಿನ ಕಬ್ಬಿಣವನ್ನು ಸರಿಯಾಗಿ ತೊಳೆದು ತುಕ್ಕು, ಎಣ್ಣೆ ತೆಗೆಯದೆ ಮೇಲೆ ಎಷ್ಟು ಬೇಯಿಸಿದರೂ ಬಣ್ಣ ಹಪ್ಪಳದಂತೆ ಏಳುತ್ತದೆ. ಇದು ದಾರ ಅದ್ದುವವನಿಗೆ ಹೇಳಿಕೊಡಬೇಕಾದ ಪಾಠವಲ್ಲ. ಸೈಕಲ್ ಕಂಪನಿಗಳು ಗುಣಮಟ್ಟ ಪರೀಕ್ಷೆಗೆ ಬೆಟಗೇರಿಯ ಆ ಹೆಬ್ಬೆರಳನ್ನು ಬಾಡಿಗೆಗೆ ಪಡೆಯಬಹುದಿತ್ತು. ಅವರು ನಟರನ್ನು ಪಡೆದರು.

ಲಕ್ಷ್ಮೇಶ್ವರ ಅಂದರೆ ಹಿಂದಿನ ಪುಲಿಗೆರೆ. ಇಲ್ಲಿಯ ತಿರುಳ್ಗನ್ನಡದಲ್ಲಿ ಕಾವ್ಯ ಬರೆದೆನೆಂದು ಆದಿಕವಿ ಪಂಪನೇ ಹೇಳಿಕೊಂಡಿದ್ದಾನೆ. ಆ ಊರಿನ ಹುಡುಗರಿಗೆ ಈಗ ಬೇಕಾಗಿರುವುದು ‘ನಿಯಾನ್ ಗ್ರೀನ್ ವಿತ್ ಡಾರ್ಕ್ ಗ್ರೇ’. ಅವರ ಅಪ್ಪಂದಿರಿಗೆ ಬೇಕಾಗಿರುವುದು ಗಟ್ಟಿ ಕ್ಯಾರಿಯರ್. ಮೆಣಸಿನಕಾಯಿ ಚೀಲ, ಉಳ್ಳಾಗಡ್ಡಿ ಚೀಲ ಹೇರಿದ ಮೇಲೆ ಸೈಕಲ್ಲು ಯಾವ ಬಣ್ಣದ್ದೆಂದು ಓಡಿಸುವವನಿಗೇ ಕಾಣದು. ಉಳ್ಳಾಗಡ್ಡಿ ದರ ಏರಿದ ವರ್ಷ ಅಭಿರುಚಿ ಏರುತ್ತದೆ, ಹೊಸ ಸೈಕಲ್ ಬರುತ್ತದೆ. ದರ ನೆಲ ಕಚ್ಚಿದ ವರ್ಷ ಅದೇ ಅಭಿರುಚಿ ಟಯರಿಗೆ ಒಳಪಟ್ಟಿ ಹಾಕಿಸಿಕೊಂಡು ಮನೆಗೆ ಮರಳುತ್ತದೆ.

ಶಿರಹಟ್ಟಿಯಲ್ಲಿ ಫಕೀರೇಶ್ವರರ ಮಠವಿದೆ. ಹಿಂದೂಗಳೂ ಮುಸ್ಲಿಮರೂ ತಲೆಮಾರುಗಳಿಂದ ಒಂದೇ ಹೊಸ್ತಿಲಿಗೆ ಹಣೆ ಹಚ್ಚಿದ ಭಾವೈಕ್ಯದ ಪೀಠ. ಮಠಕ್ಕೆ ಬಣ್ಣದ ಗೊಂದಲ ಯಾವತ್ತೂ ಇರಲಿಲ್ಲ, ಸೈಕಲ್ ಅಂಗಡಿಗೆ ಬಂದ ಗಿರಾಕಿಗೆ ಇದೆ. ಹಸಿರಿನದೂ ಕೇಸರಿಯದೂ ಮಗ್ಗಲುಮಗ್ಗಲಿಗೆ ನಿಂತಿದ್ದರೆ, ಎರಡನ್ನೂ ಮುಟ್ಟಿ, ಎರಡರ ಬೆಲ್ಲನ್ನೂ ಬಾರಿಸಿ, ಕೊನೆಗೆ ಸಿಲ್ವರ್ ಬಣ್ಣದ್ದನ್ನು ತಳ್ಳಿಕೊಂಡು ಹೋಗುತ್ತಾನೆ. ಸಿಲ್ವರಿಗೆ ಪಕ್ಷವಿಲ್ಲ, ಪಂಥವಿಲ್ಲ, ವಾಟ್ಸಾಪ್ ಗ್ರೂಪಿಲ್ಲ. ಜಾತ್ಯತೀತತೆ ಎಂಬುದು ಸಂವಿಧಾನದಲ್ಲಿ ಮೌಲ್ಯವಾಗಿ ಉಳಿದಿದೆಯೋ ಇಲ್ಲವೋ, ಅಲ್ಯೂಮಿನಿಯಂ ಪೇಂಟಿನ ರೂಪದಲ್ಲಿ ಉಳಿದಿದೆ.

ಮುಂಡರಗಿಯವರು ಈ ಚರ್ಚೆಯಲ್ಲಿ ಪಾಲ್ಗೊಳ್ಳುವುದಿಲ್ಲ. ಅವರ ಬಣ್ಣವನ್ನು ಮೊದಲ ಮಳೆ ನಿರ್ಧರಿಸುತ್ತದೆ. ಎರಿ ಹೊಲದ ದಾರಿಗೆ ನಾಲ್ಕು ಹನಿ ಬಿದ್ದರೆ ಸಾಕು, ಮಣ್ಣು ಟಯರಿಗೆ ಅಂಟಿ, ಟಯರಿನಿಂದ ಮಡಗಾರ್ಡಿನೊಳಗೆ ತುಂಬಿ, ಗಾಲಿ ಗಟ್ಟಿಯಾಗಿ ಕಚ್ಚಿಕೊಂಡು ನಿಲ್ಲುತ್ತದೆ. ಕಡ್ಡಿ ತೆಗೆದುಕೊಂಡು ಕೆದರಬೇಕು. ಎರಡು ಮಾರು ಹೋದರೆ ಮತ್ತೆ ಕೆದರಬೇಕು. ಆಮೇಲೆ ರೈತ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಾನೆ. ಸವಾರ ಯಾರು, ವಾಹನ ಯಾವುದು ಎಂಬ ಗೊಂದಲದ ನಡುವೆ ಮೆಟಾಲಿಕ್ ಬ್ಲೂ ಎಂಬುದು ಬಿಲ್ಲಿನಲ್ಲಷ್ಟೇ ಉಳಿಯುತ್ತದೆ. ಎರಿ ಮುಗಿದು ಕಪ್ಪತಗುಡ್ಡದ ಕಡೆ ಹೊರಳಿದರೆ ಕರಿಯ ಮೇಲೆ ಕೆಂಪಿನ ಎರಡನೇ ಕೋಟು. ಆ ಗುಡ್ಡದ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡು. ಸೈಕಲ್ಲಿನ ತುಕ್ಕೂ ಅದೇ ಕುಲ. ಆ ತುಕ್ಕು ಹಿಡಿಯದಿರಲೆಂದು ಪೇಂಟ್ ಅಂಗಡಿಯಿಂದ ತಂದು ಬಳಿಯುವ ರೆಡ್ ಆಕ್ಸೈಡೂ ಅದೇ ಕುಲ. ಕಬ್ಬಿಣದ ಸಗೋತ್ರ ಸಂಬಂಧ ಇಲ್ಲಿ ಯಾರನ್ನೂ ಬಾಧಿಸುವುದಿಲ್ಲ.

ಹಾಗೆಂದು ಈ ಜಿಲ್ಲೆಯ ಜನಕ್ಕೆ ಬಣ್ಣದ ವಿಷಯದಲ್ಲಿ ನಿಜವಾದ ಅಭಿರುಚಿಯೇ ಇಲ್ಲವೆಂದು ಹೇಳಲಾಗದು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ಜಮೀನು ಹಿಡಿಯಲು ಹೊರಟಾಗ ರೈತರು ಎದ್ದು ನಿಂತರು, ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕಾಗಿ ಹೋರಾಡಿ 2019ರಲ್ಲಿ ಅದನ್ನು ವನ್ಯಜೀವಿಧಾಮ ಮಾಡಿಸಿಕೊಂಡರು. ನಮ್ಮ ಮಣ್ಣು ಈ ಬಣ್ಣದಲ್ಲೇ ಇರಲಿ ಎಂದು ಆಗ ಹೇಳಿದ ಜನವೇ ಇವರು. ಒಂದು ಬಣ್ಣಕ್ಕಾಗಿ ಕಂಪನಿಯನ್ನೂ ಸರ್ಕಾರವನ್ನೂ ತಡೆದು ನಿಲ್ಲಿಸಬಲ್ಲವರು, ಸೈಕಲ್ ಅಂಗಡಿಯಲ್ಲಿ ಸ್ಟಾಕ್ ಇಲ್ಲ ಎಂದೊಡನೆ ಬಾಲ ಮುದುರಿಕೊಳ್ಳುತ್ತಾರೆ.

ಇನ್ನು ಫಿನಿಶ್ಶಿನ ಮಾತು. ಈಗ ಬೆಳಗಿನ ಜಾವ ಬಿಂಕದಕಟ್ಟಿ, ಹುಲಕೋಟಿ ಕಡೆಗೆ ಹೆಲ್ಮೆಟ್ಟು, ಗ್ಲೌಸು, ಬಿಗಿ ಚಡ್ಡಿಯ ಸಮೇತ ಹೊರಡುವ ಆರೋಗ್ಯವಂತರ ದಂಡಿನಲ್ಲಿ ಹೊಳಪಿಗೆ ಬೆಲೆಯಿಲ್ಲ. ಜೋಡೆತ್ತಿನ ಬೆಲೆಯ ಸೈಕಲ್ಲಿಗೆ ಮ್ಯಾಟ್ ಫಿನಿಶ್ಶೇ ಬೇಕು. ಮಿಂಚಬಾರದು, ಮಾಸಿದಂತಿರಬೇಕು, ಆದರೆ ಮಾಸಬಾರದು. ಇದಕ್ಕಾಗಿ ಕಂಪನಿ ಬಣ್ಣದಲ್ಲಿ ಸಿಲಿಕಾದ ನುಣ್ಣನೆಯ ಪುಡಿ ಬೆರೆಸಿ ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿ ಮಾಡುತ್ತದೆ. ಬಿದ್ದ ಬೆಳಕು ಒಂದೇ ದಿಕ್ಕಿಗೆ ಮಿಂಚದೆ ಚದುರಿ ಹೋಗುತ್ತದೆ. ಅದಕ್ಕೆ ಬೇರೆ ದರ. ಅದನ್ನು ತೊಳೆಯಲು ಬೇರೆ ಶಾಂಪೂ, ಒರೆಸಲು ಬೇರೆ ಬಟ್ಟೆ. ವ್ಯಾಕ್ಸ್ ಹಚ್ಚಿದರೆ ಅಲ್ಲಲ್ಲಿ ಹೊಳಪು ಬಂದು ಮಾನ ಹೋಗುತ್ತದೆ. ನಲ್ಲಿಯಲ್ಲಿ ನೀರು ಬರಲು ವಾರಗಟ್ಟಲೆ ಕಾಯುವ ಅವಳಿ ನಗರದಲ್ಲಿ ಸೈಕಲ್ಲಿಗೆ ಶಾಂಪೂ ಸ್ನಾನ ಮಾಡಿಸುವವರ ಶ್ರದ್ಧೆಗೆ ಕೈ ಮುಗಿಯಬೇಕು.

ಹಾಲಿನ ಕ್ಯಾನು ಕಟ್ಟಿಕೊಂಡು ಎದುರಿಗೆ ಬರುವ ಗೌಳಿಯ ಸೈಕಲ್ಲು ನೋಡಿ. ಇಪ್ಪತ್ತು ವರ್ಷದ ಬಿಸಿಲು ಅದರ ಎನಾಮೆಲ್ಲಿನ ಮೇಲ್ಪದರವನ್ನು ತಿಂದು, ಮುಟ್ಟಿದರೆ ಬೆರಳಿಗೆ ಸುಣ್ಣದಂತೆ ಪುಡಿ ಹತ್ತುವ ಹದಕ್ಕೆ ತಂದಿದೆ. ಒಂದು ಮಿಂಚಿಲ್ಲ. ಅಪ್ಪಟ ಮ್ಯಾಟು, ಪುಕ್ಕಟೆ. ಇನ್ನೂ ಮುಂದೆ ಹೋದ ಪಂದ್ಯದವರು ಬಣ್ಣವನ್ನೇ ಬೇಡವೆನ್ನುತ್ತಾರೆ. ಒಂದು ಫ್ರೇಮಿನ ಪೇಂಟು ನೂರು ಗ್ರಾಂ ಆಸುಪಾಸು ತೂಗುತ್ತದೆ, ಅಷ್ಟು ಭಾರ ಇಳಿದರೆ ಸೆಕೆಂಡು ಉಳಿಯುತ್ತದೆ ಎಂಬ ಲೆಕ್ಕ. ಗೌಳಿಯ ಸೈಕಲ್ಲಿನ ಹಿಂಬದಿ ಈ ಪ್ರಗತಿಯನ್ನೂ ಸಾಧಿಸಿಯಾಗಿದೆ, ಅಲ್ಲಿ ಬಣ್ಣ ಉದುರಿ ವರ್ಷಗಳಾದವು. ಸಿರಿವಂತ ದುಡ್ಡು ಕೊಟ್ಟು ತಲುಪುವ ಊರಿಗೆ ಬಡವ ಯಾವತ್ತೋ ತಲುಪಿ ಹಾಲು ಹಾಕಿ ಬಂದಿರುತ್ತಾನೆ. ಒಂದೇ ವ್ಯತ್ಯಾಸ: ಒಬ್ಬನದು ಅಭಿರುಚಿ, ಇನ್ನೊಬ್ಬನದು ‘ಅದಕ್ಕೊಂದಿಷ್ಟು ಪೇಂಟರೆ ಹಚ್ಚಪಾ’.

ಹಾಗೆ ಹಚ್ಚುವ ಪೇಂಟಿನದೂ ಒಂದು ಕಥೆ. ನಮ್ಮ ಕಡೆ ಸೈಕಲ್ಲಿಗೆಂದು ಯಾರೂ ಪೇಂಟ್ ತರುವುದಿಲ್ಲ. ಗೇಟಿಗೆ ತಂದದ್ದರಲ್ಲಿ ಉಳಿದದ್ದು ಸೈಕಲ್ಲಿನ ಪಾಲಿಗೆ. ಹೀಗಾಗಿ ಒಂದು ಮನೆಯ ಗೇಟು, ಕಿಟಕಿಯ ಸರಳು, ನೀರಿನ ಟಾಕಿಯ ಏಣಿ ಮತ್ತು ಸೈಕಲ್ಲು ಒಂದೇ ಬಣ್ಣದಲ್ಲಿರುತ್ತವೆ. ದೊಡ್ಡ ಕಂಪನಿಗಳು ಕೋಟಿ ಸುರಿದು ಸಾಧಿಸುವ ಬ್ರ್ಯಾಂಡಿಂಗ್ ಇದೇ. ಮಹಾನವಮಿಯ ಖಂಡೇ ಪೂಜೆಗೆ ಎರಡು ದಿನ ಮುಂಚೆ ಬಳಿದು, ಪೂಜೆಯ ದಿನ ಇನ್ನೂ ಆರದ ಬಣ್ಣಕ್ಕೆ ವಿಭೂತಿ ಹಚ್ಚಿ, ಚೆಂಡು ಹೂವಿನ ಹಾರ ಹಾಕಿದರೆ ಆ ವರ್ಷದ ನಿರ್ವಹಣೆ ಮುಗಿಯಿತು. ಬ್ರೇಕಿಗೂ ಆವತ್ತು ಕುಂಕುಮ ಬೀಳುತ್ತದೆ. ರಬ್ಬರ್ ಮಾತ್ರ ಬದಲಾಗುವುದಿಲ್ಲ.

ಈ ಉಳಿಕೆ ಪೇಂಟಿಗೆ ಅತಿ ಹೆಚ್ಚು ಬಲಿಯಾದದ್ದು ಹುಡುಗಿಯರ ಸೈಕಲ್ಲು. ಕಂಪನಿಗಳ ಲೆಕ್ಕದಲ್ಲಿ ಹುಡುಗಿ ಎಂದರೆ ಗುಲಾಬಿ. ಮುಂದೊಂದು ಬುಟ್ಟಿ, ಚೈನ್ ಕವರಿನ ಮೇಲೊಂದು ಹೂವು. ಅವಳಿಗೆ ಯಾವ ಬಣ್ಣ ಬೇಕೆಂದು ಅವಳನ್ನು ಕೇಳಿದವರಿಲ್ಲ. ಕೇಳಿದ್ದರೂ ಅವಳು ‘ನನಗ ನಂದ ಅನ್ನೂ ಒಂದು ಸೈಕಲ್ ಬೇಕು’ ಎಂದಿರುತ್ತಿದ್ದಳು, ಅಂಥ ಷೇಡು ಕ್ಯಾಟಲಾಗಿನಲ್ಲಿ ಇರುವುದಿಲ್ಲ. ಅವಳ ಶಾಲೆ ಮುಗಿದ ಮರುದಿನ ಅದೇ ಗುಲ್ಬಿ ಸೈಕಲ್ಲು ತಮ್ಮನಿಗೆ ಬರುತ್ತದೆ. ತಮ್ಮ ಅಳುತ್ತಾನೆ. ಮನೆಯೆಲ್ಲ ಒಂದಾಗಿ ಗೇಟಿನ ಸಿಲ್ವರು ಹುಡುಕುತ್ತದೆ. ಅಕ್ಕ ಅಣ್ಣನ ಹಳೆಯ ಕರಿ ಸೈಕಲ್ಲನ್ನು ಕತ್ತರಿ ಕಾಲಲ್ಲಿ ತುಳಿದು ಕಲಿತಾಗ ಬಣ್ಣದ ಬಗ್ಗೆ ಯಾರೂ ಅತ್ತಿರಲಿಲ್ಲ. ಗಂಡಸರ ಮಾನ ಗುಲಾಬಿ ಬಣ್ಣಕ್ಕೆ ಕರಗುತ್ತದೆಂಬ ರಾಸಾಯನಿಕ ಸತ್ಯ ಇನ್ನೂ ಯಾವ ಪ್ರಯೋಗಾಲಯಕ್ಕೂ ತಿಳಿದಿಲ್ಲ.

ಅವಳಿಗೂ ಒಂದು ಸೈಕಲ್ ಎಂದು ಮೊದಲು ಯೋಚಿಸಿದ್ದು ಸರ್ಕಾರ, ಅದನ್ನು ಒಪ್ಪಬೇಕು. 2006-07ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದ ಸಮ್ಮಿಶ್ರ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು, ಬೇಗನೆ ಹುಡುಗರಿಗೂ ವಿಸ್ತರಿಸಿತು. ಬಸ್ ಪಾಸ್ ಇದ್ದವರನ್ನು, ಹಾಸ್ಟೆಲಿನಲ್ಲಿದ್ದವರನ್ನು ಬಿಟ್ಟು ಉಳಿದವರಿಗೆಲ್ಲ. ಲಾರಿಯಲ್ಲಿ ಬಿಡಿಭಾಗ ಬರುತ್ತಿದ್ದವು, ಅಂಗಳದಲ್ಲಿ ಜೋಡಣೆ ಆಗುತ್ತಿತ್ತು, ಶಾಸಕರು ಬಂದು ಒಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು ಫೋಟೋಕ್ಕೆ ನಿಲ್ಲುತ್ತಿದ್ದರು. ಅವರ ಬಿಳಿ ಅಂಗಿಗೂ ಹೊಸ ಸೈಕಲ್ಲಿಗೂ ಚೆನ್ನಾಗಿ ಹೊಂದುತ್ತಿತ್ತು. ಸಮಾರಂಭ ಮುಗಿದ ಕೂಡಲೇ ಪಾಲಕರು ಸೈಕಲ್ಲನ್ನು ತಳ್ಳಿಕೊಂಡು ನೇರ ಪಂಚರ್ ಅಂಗಡಿಗೆ ಹೋಗುತ್ತಿದ್ದರು. ನಟ್ಟು ಬಿಗಿ, ಬ್ರೇಕು ಬಿಗಿ, ಗಾಲಿ ಸೊಟ್ಟ ತೆಗಿ. ಟೆಂಡರಿನಲ್ಲಿ ಬಣ್ಣಕ್ಕೆ ಷರತ್ತು ಇತ್ತು, ಬಿಗಿತಕ್ಕೂ ಇದ್ದಿರಬೇಕು, ಆದರೆ ಫೋಟೋದಲ್ಲಿ ಬಿಗಿತ ಕಾಣುವುದಿಲ್ಲವಲ್ಲ.

ಏನೇ ಅನ್ನಿ, ಆ ಸಡಿಲ ಸೈಕಲ್ಲುಗಳ ಮೇಲೆಯೇ ನಮ್ಮ ಹಳ್ಳಿಗಳ ಹುಡುಗಿಯರು ಸಾಲುಗಟ್ಟಿ ಹೈಸ್ಕೂಲಿಗೆ ಹೋದರು. ಕೆಲವು ಅಪ್ಪಂದಿರು ರಜಾ ದಿನ ಅದನ್ನೇ ಮೇವು ತರಲು ಒಯ್ದರು, ಕೆಲವರು ಶಾಲೆಯ ದಿನವೂ ಒಯ್ದರು. ಆಗ ಅವರನ್ನು ಬುಟ್ಟಿಯಾಗಲಿ ಹೂವಾಗಲಿ ಬಣ್ಣವಾಗಲಿ ಬಾಧಿಸಲಿಲ್ಲ. ಪುಕ್ಕಟೆ ಎಂಬ ಷೇಡು ಎಲ್ಲರಿಗೂ ಒಪ್ಪುತ್ತದೆ.

ರಾಜಕಾರಣಕ್ಕೆ ಮಾತ್ರ ಬಣ್ಣವೇ ಪ್ರಾಣ. ರಾಜಸ್ಥಾನದಲ್ಲಿ ವಸುಂಧರಾ ರಾಜೇ ಸರ್ಕಾರ 2017ರಲ್ಲಿ ಶಾಲಾ ಹುಡುಗಿಯರ ಕರಿ ಸೈಕಲ್ಲನ್ನು ಕೇಸರಿ ಮಾಡಿತು. ಮುಂದೆ ಅಶೋಕ್ ಗೆಹ್ಲೋಟ್ ಸರ್ಕಾರ ಬಂದು 2019ರಲ್ಲಿ ಅದನ್ನು ಮತ್ತೆ ಕರಿ ಮಾಡಿತು. ಪೆಡಲು, ಚೈನು, ದಾರಿ, ತೆಗ್ಗು ಎಲ್ಲ ಅವೇ. ಆಂಧ್ರದ ತೆಲುಗು ದೇಶಂ, ಉತ್ತರ ಪ್ರದೇಶದ ಸಮಾಜವಾದಿ ಪಕ್ಷ ಈ ಜಂಜಾಟವೇ ಬೇಡವೆಂದು ಇಡೀ ಸೈಕಲ್ಲನ್ನೇ ಚುನಾವಣಾ ಚಿಹ್ನೆ ಮಾಡಿಕೊಂಡಿವೆ. ನಮ್ಮಲ್ಲೇನು ಕಡಿಮೆಯೇ? 2022ರ ನವೆಂಬರಿನಲ್ಲಿ ಸ್ವಾಮಿ ವಿವೇಕಾನಂದರ ಹೆಸರಿನ ‘ವಿವೇಕ’ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯುವ ವಿಚಾರಕ್ಕೆ ರಾಜ್ಯವೇ ಎರಡು ಪಾಲಾಯಿತು. ಅದೇ ತಿಂಗಳು ಮೈಸೂರಿನ ಒಂದು ಬಸ್ ತಂಗುದಾಣದ ಗುಂಬಜಿನ ಆಕಾರ ಮತ್ತು ಬಣ್ಣದ ಬಗ್ಗೆ ಮಹಾಯುದ್ಧ ನಡೆದು, ಮೂರಿದ್ದ ಗುಂಬಜು ಒಂದಾಯಿತು. ತಂಗುದಾಣಕ್ಕೆ ಬಸ್ ಎಷ್ಟು ಹೊತ್ತಿಗೆ ಬರುತ್ತದೆ, ಕೊಠಡಿಗೆ ಮಾಸ್ತರು ಬಂದಾರೋ ಇಲ್ಲವೋ ಎಂಬ ಪ್ರಶ್ನೆಗಳು ಆ ಬಣ್ಣದ ಪದರದ ಕೆಳಗೆ ಒಣಗಿ ಹೋದವು. ಪೇಂಟಿನ ಮೊದಲ ಗುಣವೇ ಅದು. ಕೆಳಗಿರುವುದನ್ನು ಮುಚ್ಚುವುದು. ಒಳ್ಳೆಯ ಪೇಂಟಿಗೂ ಒಳ್ಳೆಯ ವಿವಾದಕ್ಕೂ ಒಂದೇ ಹೊಗಳಿಕೆ: ‘ಕವರೇಜ್ ಚೊಲೋ ಐತ್ರೀ.’

ಈ ಗದ್ದಲದಲ್ಲಿ ಒಂದು ಸಣ್ಣ ಸಂಗತಿ ಕೈತಪ್ಪಿತು. 2020ರಲ್ಲಿ ಕೊರೊನಾ ಬಂತು, ಶಾಲೆ ಮುಚ್ಚಿದವು, ಉಚಿತ ಸೈಕಲ್ ವಿತರಣೆ ನಿಂತಿತು. ಅದೇ ವರ್ಷ ಜೂನ್ 3ರಂದು ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಬಾಗಿಲು ಹಾಕಿತು. ಆವತ್ತು ವಿಶ್ವ ಸೈಕಲ್ ದಿನಾಚರಣೆ. ಶಾಲೆಗಳು ಮತ್ತೆ ತೆರೆದವು, ಹುಡುಗರಿಗೆ ಷೂ ಬಂತು, ಮೊಟ್ಟೆ ಬಂತು, ಸರ್ಕಾರಗಳೂ ಬಂದು ಹೋದವು. ವರ್ಷದ ಮೇಲೆ ವರ್ಷ ಕಳೆದರೂ ಸೈಕಲ್ಲು ಬರಲಿಲ್ಲ. ಅನುದಾನವಿಲ್ಲ ಎಂಬುದು ಒಂದು ಉತ್ತರ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಇದೆಯಲ್ಲ ಎಂಬುದು ಇನ್ನೊಂದು ಉತ್ತರ. ಇದೆ, ಸಂತೋಷ. ಬಸ್ಸು ಹತ್ತಿದರೆ ಪುಕ್ಕಟೆ. ಹತ್ತಬೇಕಾದರೆ ಅದು ಊರಿಗೆ ಬರಬೇಕು, ಬಂದದ್ದು ನಿಲ್ಲಬೇಕು, ನಿಂತದ್ದರಲ್ಲಿ ಕಾಲಿಡಲು ಜಾಗ ಇರಬೇಕು. ಹೈಸ್ಕೂಲಿನ ಗಂಟೆ ಬಸ್ಸಿನ ವೇಳಾಪಟ್ಟಿ ನೋಡಿ ಬಾರಿಸುವುದಿಲ್ಲ. ಡಂಬಳ ರಸ್ತೆಯಲ್ಲೋ ಮಾಗಡಿ ಕೆರೆಯ ದಾರಿಯಲ್ಲೋ ಬೆಳಿಗ್ಗೆ ಬ್ಯಾಗು ಬೆನ್ನಿಗೇರಿಸಿ ನಡೆದು ಹೋಗುವ ಹುಡುಗಿಯರನ್ನು ನಿಲ್ಲಿಸಿ, ‘ತಂಗೀ, ನಿನಗ ಯಾವ ಕಲರ್ ಇಷ್ಟ?’ ಎಂದು ಕೇಳುವ ಧೈರ್ಯ ಯಾವ ಪಕ್ಷದ ಯಾವ ಶಾಲಿಗೂ ಇದ್ದಂತಿಲ್ಲ.

ಆದರೆ ಸರ್ಕಾರವನ್ನು ಇಷ್ಟು ಬೇಗ ದೂರಬಾರದು, ಅದಕ್ಕೂ ಸಮಯ ಬೇಕು. ಸೈಕಲ್ಲು ಕೊಡುವುದೆಂದರೆ ಸುಮ್ಮನೆಯೇ? ಮೊದಲು ಬಣ್ಣ ನಿಶ್ಚಯವಾಗಬೇಕು. ಕೇಸರಿ ಆದರೆ ಇವರು ಧರಣಿ ಕೂಡುತ್ತಾರೆ, ಹಸಿರು ಆದರೆ ಅವರು ಕೂಡುತ್ತಾರೆ, ನೀಲಿ ಆದರೆ ಒಳಗಿನವರೇ ಮುನಿಯುತ್ತಾರೆ, ಕೆಂಪು ಹೇಳಿ ಕೇಳಿ ಎರಡು ಬೇಸಿಗೆ ತಡೆಯುವುದಿಲ್ಲ, ಕರೇದಕ್ಕೆ ಅವ್ವ ಒಪ್ಪುವುದಿಲ್ಲ. ಹೀಗಾಗಿ ಸರ್ವಪಕ್ಷಗಳ ಒಂದು ಬಣ್ಣ ಆಯ್ಕೆ ಸಮಿತಿ ಮಾಡುವುದೇ ಸರಿ. ಗದಗಿನ ಸಾಂಸ್ಕೃತಿಕ, ಲಕ್ಷ್ಮೇಶ್ವರದ ಸಾಹಿತ್ಯಿಕ, ಶಿರಹಟ್ಟಿಯ ಭಾವೈಕ್ಯದ, ಮುಂಡರಗಿಯ ಮಣ್ಣಿನ ಅಂಶಗಳಿಗೆ ಅದರಲ್ಲಿ ಪ್ರಾತಿನಿಧ್ಯ ಕೊಡಬೇಕು, ಲೂಧಿಯಾನಕ್ಕೆ ಅಧ್ಯಯನ ಪ್ರವಾಸ ಹೋಗಿಬರಬೇಕು, ಮಧ್ಯಂತರ ವರದಿ ಕೊಡಬೇಕು. ಹುಡುಗಿಯರು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ ಎಂಬ ಆತಂಕ ಬೇಡ, ಮುಂದಿನ ವರ್ಷ ಬೇರೆ ಹುಡುಗಿಯರು ಬರುತ್ತಾರೆ. ಸಮಿತಿಯ ಕಚೇರಿ ಸಿದ್ಧವಿದೆ, ಕುರ್ಚಿಗಳು ಬಂದಿವೆ. ಮೇಜಿಗೆ ಗ್ಲಾಸಿ ಪಾಲಿಶ್ ಹಾಕಿಸಬೇಕೋ ಮ್ಯಾಟೋ ಎಂಬುದೊಂದು ಇತ್ಯರ್ಥವಾದರೆ ಮೊದಲ ಸಭೆಯ ತಾರೀಖು ಗೊತ್ತು ಮಾಡುತ್ತಾರೆ.